ಡೊಂಕು ಗಾಲಿ: ರಿಪೇರಿಯೋ, ಹೊಸತೋ, ಯಾರ ಕಿಸೆಯಿಂದ?



ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಎರಡು ಸಂಗತಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು, ರಸ್ತೆಯ ಹೊಂಡ. ಇನ್ನೊಂದು, ಆ ಹೊಂಡಕ್ಕೆ ಬಿದ್ದು ಡೊಂಕಾದ ಗಾಲಿ. ಹೋಟೆಲಿನವರ, ಮಿಲ್ಲಿನವರ ಪತ್ರಿಕೆಯಲ್ಲಿ ಕಾರಿನ ಗಾಲಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣ ಉಂಟು. 1982ರ ಜನವರಿ 18ರಂದು ಆರಂಭವಾದ ಮಿಲ್ ಮುಷ್ಕರದ ತರುವಾಯ ಗಿರಣಗಾಂವಿನ ಚಿಮಣಿಗಳು ಒಂದೊಂದಾಗಿ ಆರಿದವು. ಮಗ್ಗ ಬಿಟ್ಟ ಕೈಗಳಲ್ಲಿ ಎಷ್ಟೋ ಕೈಗಳು ಸ್ಟೇರಿಂಗ್ ಹಿಡಿದವು. ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರೂ ಲೈಸೆನ್ಸ್ ಮಾಡಿಸಿಕೊಂಡು ಟ್ಯಾಕ್ಸಿಗೆ ಹೋದರು. ಬೆಳಗಿನ ಜಾವ ವಾಶಿ ಮಾರ್ಕೆಟ್ಟಿನಿಂದ ತರಕಾರಿ ತರುವ ಹೋಟೆಲಿನ ವ್ಯಾನು ಓಡಿಸುವವನೂ ನಮ್ಮವನೇ. ರಜೆಯಲ್ಲಿ ಊರಿಗೆಂದು ನಾಲ್ಕು ಜನ ಸೇರಿ ಕಾರು ಮಾಡಿಕೊಂಡು ಗೋವಾ ಹೆದ್ದಾರಿಯಲ್ಲಿ ಇಳಿಯುವವರೂ ನಾವೇ. ಗಾಲಿ ಡೊಂಕಾದರೆ ಅದರ ಪೆಟ್ಟು ಸುತ್ತಿ ಬಳಸಿ ಕಾರ್ಮಿಕನ ಸಂಬಳದ ಮೇಲೆಯೇ ಬೀಳುತ್ತದೆ. ಆದುದರಿಂದ ಈ ಮಾತು ನಮ್ಮದೇ.

ಗಾಲಿ ಡೊಂಕಾದ ದಿನ ಗ್ಯಾರೇಜಿನಲ್ಲಿ ಎರಡು ಬಗೆಯ ಉಪದೇಶ ಸಿಗುತ್ತದೆ. ಒಬ್ಬನು, “ಎರಡು ಪೆಟ್ಟು ಹಾಕಿದರೆ ಸರಿಹೋಗುತ್ತದೆ, ಹೊಸತು ಯಾಕೆ?” ಎನ್ನುತ್ತಾನೆ. ಇನ್ನೊಬ್ಬನು ನೋಡುವ ಮೊದಲೇ, “ಇದು ಹೋಯಿತು, ಬದಲಿಸಿ” ಎನ್ನುತ್ತಾನೆ. ಮೊದಲನೆಯವನ ಕೈಯಲ್ಲಿ ಸುತ್ತಿಗೆ ಇದೆ. ಎರಡನೆಯವನ ಅಂಗಡಿಯಲ್ಲಿ ಮಾಲು ಇದೆ. ಇಬ್ಬರೂ ತಮ್ಮ ತಮ್ಮ ವ್ಯಾಪಾರ ನೋಡುತ್ತಾರೆ. ಇವರಿಬ್ಬರ ಮಾತಿಗಿಂತ ಮೊದಲು ಗಾಲಿಯ ಮಾತನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಗಾಲಿ ಹೇಗೆ ಮಾತನಾಡುತ್ತದೆ? ಪೇಟೆಯ ಗದ್ದಲದಲ್ಲಿ ನಿಧಾನವಾಗಿ ಓಡಿಸುವಾಗ ಸಣ್ಣ ಡೊಂಕು ತಿಳಿಯುವುದೇ ಇಲ್ಲ. ಹೆದ್ದಾರಿಗೆ ಬಂದು ವೇಗ 60, 80 ಕಿಲೋಮೀಟರಿಗೆ ಏರಿದಾಗ ಅದುರು ಶುರುವಾಗುತ್ತದೆ. ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಗಾಲಿ, ಸೀಟು ನಡುಗಿದರೆ ಹಿಂದಿನದು. ಇನ್ನೊಂದು ಗುರುತು, ರಾತ್ರಿ ತುಂಬಿಸಿದ ಗಾಳಿ ಬೆಳಿಗ್ಗೆಗೆ ಇಳಿದಿರುವುದು. ಈಗಿನ ಕಾರುಗಳಲ್ಲಿ ಟ್ಯೂಬ್ ಇಲ್ಲ. ಟಯರು ರಿಮ್ಮಿನ ಅಂಚಿಗೆ ಬಿಗಿಯಾಗಿ ಕೂತರೆ ಮಾತ್ರ ಗಾಳಿ ನಿಲ್ಲುತ್ತದೆ. ಅಂಚು ಡೊಂಕಾದರೆ ಆ ಸಂದಿನಿಂದ ಗಾಳಿ ಸೋರುತ್ತದೆ. ಸಾಬೂನಿನ ನೀರು ಹಚ್ಚಿ ನೋಡಿದರೆ ಗುಳ್ಳೆ ಎಲ್ಲಿ ಏಳುತ್ತದೆಯೋ ಅಲ್ಲಿ ಸೋರಿಕೆ. ಅನೇಕ ಬಾರಿ ಪೆಟ್ಟು ಬೀಳುವುದು ಒಳಬದಿಯ ಅಂಚಿಗೆ. ಹೊರಗಿನಿಂದ ನೋಡಿದರೆ ಗಾಲಿ ಮದುಮಗನಂತೆ ಇರುತ್ತದೆ. ಆದುದರಿಂದ ಜಾಕ್ ಹಾಕಿ ಎತ್ತಿ, ಗಾಲಿಯನ್ನು ಕೈಯಿಂದ ತಿರುಗಿಸಿ, ರಿಮ್ಮಿನ ಹತ್ತಿರ ಒಂದು ಸೀಮೆಸುಣ್ಣವನ್ನು ಅಲುಗಾಡದಂತೆ ಹಿಡಿದು, ಒಳಗೂ ಹೊರಗೂ ನೋಡಬೇಕು. ಡೊಂಕಿದ್ದ ಕಡೆ ಸುಣ್ಣ ತಾಗುತ್ತದೆ.

ಸರಿಯಾದ ಗ್ಯಾರೇಜಿನವನು ಇದನ್ನೇ ಡಯಲ್ ಗೇಜ್ ಎಂಬ ಅಳತೆಯಿಂದ ಮಾಡುತ್ತಾನೆ. ಗಾಲಿ ತಿರುಗುವಾಗ ಮೇಲೆ ಕೆಳಗೆ ಎಷ್ಟು ಕುಣಿಯುತ್ತದೆ, ಅಕ್ಕಪಕ್ಕ ಎಷ್ಟು ವಾಲುತ್ತದೆ ಎಂದು ಅದು ತೋರಿಸುತ್ತದೆ. ಕಾರು ತಯಾರಿಸುವವರು ಸಾಮಾನ್ಯವಾಗಿ ಬಿಡುವುದು ಒಂದು, ಒಂದೂವರೆ ಮಿಲಿಮೀಟರಿನಷ್ಟು ಮಾತ್ರ. ಕಣ್ಣಿಗೆ ಕಾಣುವಷ್ಟು ಕುಣಿತ ಇದ್ದರೆ ಮಿತಿ ದಾಟಿತೆಂದೇ ತಿಳಿಯಿರಿ. ಕೆಲವರು ಇಂಥ ಗಾಲಿಗೆ ಸೀಸದ ತುಂಡುಗಳನ್ನು ಅಂಟಿಸಿ “ಬ್ಯಾಲೆನ್ಸ್ ಆಯಿತು” ಎಂದು ಕಳಿಸುತ್ತಾರೆ. ಬ್ಯಾಲೆನ್ಸ್ ತೂಕವನ್ನು ಸರಿಮಾಡುತ್ತದೆ, ಡೊಂಕನ್ನಲ್ಲ. ಕುಂಟನ ಕಿಸೆಗೆ ಕಲ್ಲು ಹಾಕಿದರೆ ಕಾಲು ನೆಟ್ಟಗಾದೀತೇ?

ಇನ್ನು ಮುಖ್ಯ ಪ್ರಶ್ನೆ: ರಿಪೇರಿಯೋ, ಹೊಸತೋ? ಹೋಟೆಲಿನಲ್ಲಿ ದುಡಿದವನಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನೆಗ್ಗಿದ ಸ್ಟೀಲ್ ಲೋಟವನ್ನು ತಟ್ಟಿ ಸರಿಮಾಡಿ ಮತ್ತೆ ಬಳಸುತ್ತೇವೆ. ಬಿರುಕು ಬಿಟ್ಟ ಪಿಂಗಾಣಿ ಕಪ್ಪಿನಲ್ಲಿ ಗಿರಾಕಿಗೆ ಚಾ ಕೊಡುವುದಿಲ್ಲ. ಗಾಲಿಯ ನ್ಯಾಯವೂ ಹೆಚ್ಚುಕಡಿಮೆ ಇದೇ.

ಉಕ್ಕಿನ ಗಾಲಿಯನ್ನು ತಗಡನ್ನು ಒತ್ತಿ, ಬೆಸುಗೆ ಹಾಕಿ ಮಾಡಿರುತ್ತಾರೆ. ಹಳೆಯ ಕಾಲದ ಪದ್ಮಿನಿ ಟ್ಯಾಕ್ಸಿಗೆ ಇದ್ದದ್ದೂ ಇಂಥದೇ. ಉಕ್ಕು ಪೆಟ್ಟು ತಿಂದರೆ ಬಾಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ. ಅಂಚಿನಲ್ಲಿ ಮಾತ್ರ ಸಣ್ಣ ಬಾಗು ಇದ್ದು, ಬಿರುಕಿಲ್ಲದೆ, ತುಕ್ಕು ತಿಂದು ತೆಳ್ಳಗಾಗದೆ ಇದ್ದರೆ ಅದನ್ನು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಸಬಹುದು. ಆದರೆ ಬಾಗು ನಟ್ಟಿನ ತೂತುಗಳ ಹತ್ತಿರ, ನಡುವಿನ ತಟ್ಟೆಯಲ್ಲಿ ಇದ್ದರೆ, ತೂತು ಉದ್ದಗಾಗಿದ್ದರೆ, ಬೆಸುಗೆಯ ಗೆರೆಯಲ್ಲಿ ಸೀಳು ಕಂಡರೆ ಆ ಗಾಲಿಗೆ ರಿಪೇರಿ ಬೇಡ, ಹೊಸತೇ ಆಗಬೇಕು. ಉಕ್ಕಿನ ರಿಮ್ಮಿನ ಬೆಲೆ ಅಲಾಯಿಗಿಂತ ಬಹಳ ಕಡಿಮೆ. ಒಮ್ಮೆ ನೆಟ್ಟಗೆ ಮಾಡಿಸಿದ ಗಾಲಿ ಅದೇ ಜಾಗದಲ್ಲಿ ಮತ್ತೆ ಬಾಗಿದರೆ ಎರಡನೆಯ ಸಲದ ರಿಪೇರಿಗೆ ಕೊಡುವ ದುಡ್ಡು ದಂಡ.

ಅಲಾಯ್ ಗಾಲಿಯ ಕಥೆ ಬೇರೆ. ಅದು ಅಲ್ಯುಮಿನಿಯಂ ಮಿಶ್ರಲೋಹದ ಎರಕ. ಎರಕವಾದ ಮೇಲೆ ಕಾರ್ಖಾನೆಯಲ್ಲಿ ಅದನ್ನು ಗೊತ್ತಾದ ಶಾಖಕ್ಕೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾದ ಶಾಖದಲ್ಲಿ ಇಟ್ಟು ಬಲ ಬರಿಸುತ್ತಾರೆ. ರಸ್ತೆಬದಿಯ ಗ್ಯಾಸ್ ದೀಪ ಆ ಬಲವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಕಾದರೆ ಕೆಂಪಾಗಿ ನಮಗೆ ತಿಳಿಸುತ್ತದೆ. ಅಲ್ಯುಮಿನಿಯಂ ಬಣ್ಣ ಬದಲಿಸದೆಯೇ ಮೆತ್ತಗಾಗಿ ಬಿಡುತ್ತದೆ. ಅಂಚಿನ ಚಿಕ್ಕ ಬಾಗನ್ನು ತಿಳಿದವರು, ಅಳತೆ ಇಟ್ಟುಕೊಂಡು, ಮೆಲ್ಲನೆ ಒತ್ತಿ ಸರಿಪಡಿಸಬಹುದು. ಕಡ್ಡಿಗಳಲ್ಲಿ ಬಾಗು ಬಂದರೆ ಅಥವಾ ಎಲ್ಲಿಯಾದರೂ ಕೂದಲೆಳೆಯ ಬಿರುಕು ಕಂಡರೆ ಮುಗಿಯಿತು. ಬಿರುಕಿಗೆ ಬೆಸುಗೆ ಹಾಕಿ ಪೈಂಟ್ ಬಳಿದು ಕೊಡುವವರು ಉಂಟು. ಬೆಸುಗೆಯ ಪಕ್ಕದ ಲೋಹ ಸೋತಿರುತ್ತದೆ. ಪೈಂಟು ಆ ಸೋಲನ್ನು ಮುಚ್ಚುತ್ತದೆ, ಅಷ್ಟೇ. ಅಂಥ ಗಾಲಿ ಒಡೆಯುವುದು ಗ್ಯಾರೇಜಿನಲ್ಲಲ್ಲ, ಘಾಟಿಯ ಇಳಿಜಾರಿನಲ್ಲಿ.

ಗಾಲಿಯೊಂದನ್ನೇ ನೋಡಿ ಬಿಟ್ಟರೆ ಸಾಲದು. ಟಯರಿನ ಬದಿಯಲ್ಲಿ ಬುಗುಟು ಎದ್ದಿದ್ದರೆ ಒಳಗಿನ ದಾರ ಹರಿದಿದೆ ಎಂದರ್ಥ; ಆ ಟಯರು ತೆಗೆಯಲೇಬೇಕು. ರಿಮ್ಮನ್ನೇ ಬಾಗಿಸಿದ ಪೆಟ್ಟು ಬೇರಿಂಗಿಗೂ, ಸ್ಟೇರಿಂಗಿನ ಕೊಂಡಿಗೂ ತಾಗಿರಬಹುದು. ಅಲೈನ್‌ಮೆಂಟ್ ನೋಡಿಸದೆ ಹೊಸ ರಿಮ್ಮು ಹಾಕಿದರೆ ಟಯರು ಒಂದೇ ಬದಿ ಸವೆಯುತ್ತದೆ. ಗಾಲಿ ಹಾಕಿದ ಮೇಲೆ ಐವತ್ತು, ನೂರು ಕಿಲೋಮೀಟರು ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡುವುದನ್ನು ಮರೆಯಬಾರದು.

ಹೊಸತಕ್ಕೆ ದುಡ್ಡಿಲ್ಲದವರು ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ಹೋಗಿ ಹಳೆಯ ರಿಮ್ಮು ತರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕಣ್ಣು ತೆರೆದು ತರಬೇಕು, ಅಷ್ಟೆ. ರಿಮ್ಮಿನ ಮೇಲೆ ಅಚ್ಚೊತ್ತಿದ ಅಳತೆ ನಿಮ್ಮ ಗಾಲಿಯ ಅಳತೆಗೆ ಸರಿಹೋಗಬೇಕು. ನಾಲ್ಕು ನಟ್ಟಿನ ಗಾಲಿಗಳಲ್ಲಿ ತೂತುಗಳ ಸುತ್ತಳತೆಯ ಅಡ್ಡಗೆರೆ 100 ಮಿಲಿಮೀಟರು ಮತ್ತು 114.3 ಮಿಲಿಮೀಟರು ಎಂಬ ಎರಡು ಬಗೆ ಸಾಮಾನ್ಯ. ಒಂದರ ಗಾಲಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಸ ಪೈಂಟು ಬಳಿದ ಹಳೆಯ ರಿಮ್ಮನ್ನು ಕಂಡರೆ ಒಳಬದಿಯನ್ನು ಉಗುರಿನಿಂದ ಕೆರೆದು ನೋಡಿ. ಅಲ್ಲಿಯೇ ತಿರುಗಿಸಿ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ವಿಮೆಯ ಮಾತನ್ನೂ ಹೇಳಬೇಕು. ಸ್ವಂತ ಕಾರಿನ ಪೂರ್ಣ ವಿಮೆ ಇದ್ದವರು ಅಪಘಾತದಿಂದ ಕೆಟ್ಟ ರಿಮ್ಮಿಗೆ ಹಣ ಕೇಳಬಹುದು. ಆದರೆ ಟಯರು ಮಾತ್ರ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಸಿಗದು. ಗಾಡಿಗೂ ಪೆಟ್ಟಾಗಿದ್ದರೆ ಅರ್ಧ ಸಿಗುತ್ತದೆ. ಒಂದು ಸಲ ಹಣ ಕೇಳಿದರೆ ಮುಂದಿನ ವರ್ಷದ ಬೋನಸ್ ರಿಯಾಯಿತಿ ಹೋಗುತ್ತದೆ. ಆ ರಿಯಾಯಿತಿ ಮೊದಲ ವರ್ಷ ಶೇಕಡಾ 20ರಿಂದ ಆರಂಭವಾಗಿ 50ರವರೆಗೆ ಏರುವಂಥದು. ಒಂದು ಉಕ್ಕಿನ ರಿಮ್ಮಿಗಾಗಿ ಅದನ್ನು ಕಳೆದುಕೊಳ್ಳುವುದು ಬೆಲ್ಲ ಕೊಟ್ಟು ಬೇವು ತಂದಂತೆ. ನಾಲ್ಕು ಅಲಾಯ್ ಗಾಲಿ ಒಟ್ಟಿಗೆ ಹೋದರೆ ಲೆಕ್ಕ ಬೇರೆ.

ಇಲ್ಲಿಯವರೆಗೆ ಹೇಳಿದ್ದು ಗಾಲಿಯ ನ್ಯಾಯ. ಇನ್ನು ಮನುಷ್ಯರ ನ್ಯಾಯ. ಬೇರೆಯವರ ಗಾಡಿಯ ವಿಷಯದಲ್ಲಿ ತೀರ್ಮಾನ ಮಾಡುವವನು ಒಬ್ಬ, ಆ ಗಾಲಿಯ ಮೇಲೆ ಕೂರುವವನು ಇನ್ನೊಬ್ಬ. ಧಣಿ ಗಲ್ಲಾದಲ್ಲಿ ಕೂತು “ಈ ತಿಂಗಳು ಹೀಗೇ ಓಡಿಸು” ಎನ್ನುತ್ತಾನೆ. ನಾಲ್ಕು ಗಂಟೆಯ ಕತ್ತಲೆಯಲ್ಲಿ ವಾಶಿ ಸೇತುವೆಯ ಮೇಲೆ ನಡುಗುವ ಸ್ಟೇರಿಂಗ್ ಹಿಡಿಯುವವನು ಡ್ರೈವರ್. ಕೊನೆಗೆ ರಿಪೇರಿ ಮಾಡಿಸಿದರೆ ಬಿಲ್ಲು ಡ್ರೈವರನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಇದು ನಮಗೆ ಹೊಸತಲ್ಲ. ನಾನು ಏಳನೆಯ ಇಯತ್ತೆ ಮುಗಿಸಿ ಊರಿನಿಂದ ಬಂದು ಕಪ್ಪುಬಸಿ ತೊಳೆಯುತ್ತಿದ್ದ ಹೋಟೆಲಿನಲ್ಲಿ ಒಡೆದ ಪ್ರತಿಯೊಂದು ಕಪ್ಪಿನ ಲೆಕ್ಕ ಹುಡುಗರ ಹೆಸರಿನಲ್ಲಿ ಬರೆಯುತ್ತಿದ್ದರು. ಗಿರಾಕಿ ಕೈತಪ್ಪಿ ಬೀಳಿಸಿದರೂ ಬರೆಯುವುದು ನಮ್ಮ ಹೆಸರನ್ನೇ. ಕಪ್ಪಿನ ಜಾಗದಲ್ಲಿ ಈಗ ರಿಮ್ಮು ಬಂದಿದೆ, ಪುಸ್ತಕ ಅದೇ.

ಈ ಪುಸ್ತಕಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. 1936ರ ವೇತನ ಪಾವತಿ ಕಾಯ್ದೆ ಇದನ್ನು ಹೇಳಿತ್ತು; ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2019ರ ವೇತನ ಸಂಹಿತೆಯೂ ಹೇಳುತ್ತದೆ. ನೌಕರನ ವಶಕ್ಕೆಂದೇ ಒಪ್ಪಿಸಿದ ವಸ್ತು ಹಾಳಾದರೆ, ಆ ಹಾನಿ ನೇರವಾಗಿ ಅವನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ ಸಂಬಳದಲ್ಲಿ ಮುರಿಯಬಹುದು. ಅದೂ ಅವನಿಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟ ಮೇಲೆ, ಆದ ನಷ್ಟಕ್ಕಿಂತ ಒಂದು ಕಾಸೂ ಹೆಚ್ಚಿಲ್ಲದೆ. ಮಳೆನೀರು ತುಂಬಿದ ಹೊಂಡ ರಸ್ತೆಯಂತೆಯೇ ಕಾಣುತ್ತದೆ. ಅದಕ್ಕೆ ಬಿದ್ದದ್ದು ಡ್ರೈವರನ ಅಲಕ್ಷ್ಯವೇ, ಹೊಂಡ ಬಿಟ್ಟವರ ಅಲಕ್ಷ್ಯವೇ? ಮುಂಬಯಿ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಹೊಂಡದಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಪರಿಹಾರ ಕೊಡಬೇಕೆಂದು ಆಜ್ಞೆ ಮಾಡಿತು. ಹೊಂಡದ ಹೊಣೆ ರಸ್ತೆಯ ಯಜಮಾನರದು ಎಂದು ನ್ಯಾಯಾಲಯವೇ ಹೇಳಿರುವಾಗ, ಅದೇ ಹೊಂಡದ ಹೊಣೆಯನ್ನು ಡ್ರೈವರನ ಸಂಬಳದ ಮೇಲೆ ಹೊರಿಸುವುದು ಯಾವ ನ್ಯಾಯ?

ಧಣಿಗಳು ಹೇಳುವುದೂ ಒಂದು ಉಂಟು: “ಮುರಿಯದಿದ್ದರೆ ಹುಡುಗರು ಗಾಡಿಯನ್ನು ಹೇಗೆ ಬೇಕಾದರೂ ಓಡಿಸುತ್ತಾರೆ.” ಈ ಮಾತಿನಲ್ಲಿ ಎಳ್ಳಷ್ಟೂ ಹುರುಳಿಲ್ಲ ಎನ್ನಲಾರೆ. ಟಯರಿನಲ್ಲಿ ಗಾಳಿ ಕಡಿಮೆ ಇದ್ದರೆ ಹೊಂಡದ ಪೆಟ್ಟು ನೇರ ರಿಮ್ಮಿಗೇ ಬೀಳುತ್ತದೆ. ವಾರಕ್ಕೊಮ್ಮೆ ಗಾಳಿ ನೋಡುವುದು ಓಡಿಸುವವನ ಕರ್ತವ್ಯ. ಫೋನು ನೋಡುತ್ತಾ ಓಡಿಸಿ ಗಾಲಿ ಕೆಡಿಸಿದವನ ಪರವಾಗಿ ನಾನು ವಾದಿಸುವುದಿಲ್ಲ. ಆದರೆ ತಪ್ಪು ಯಾರದೆಂದು ವಿಚಾರಿಸಬೇಕು. ವಿಚಾರಿಸದೆ ಮುರಿಯುವುದು ಶಿಸ್ತಲ್ಲ, ದರೋಡೆ.

ಆಪ್ ಟ್ಯಾಕ್ಸಿ ಓಡಿಸುವ ನಮ್ಮ ಸಹೋದರರ ಸ್ಥಿತಿ ಇನ್ನೂ ಕಷ್ಟದ್ದು. ಕಂಪನಿಗಳು ಅವರನ್ನು ನೌಕರರೆನ್ನುವುದಿಲ್ಲ, ಪಾಲುದಾರರೆನ್ನುತ್ತವೆ. ಬಾಡಿಗೆಯಲ್ಲಿ ಕಂಪನಿಗೆ ಪಾಲು ಉಂಟು. ಡೊಂಕು ಗಾಲಿಯಲ್ಲಿ ಇಲ್ಲ. ಸಾಲದ ಕಂತು ಕಟ್ಟುವವನು ಒಂದು ದಿನ ಗಾಡಿ ನಿಲ್ಲಿಸಿದರೆ ಮನೆಯ ಒಲೆಗೆ ಪೆಟ್ಟು. ಆದುದರಿಂದಲೇ ಬಿರುಕು ಬಿಟ್ಟ ಗಾಲಿಯಲ್ಲಿಯೂ ಓಡುತ್ತಾನೆ. ಬಾಗಿದರೂ ಗಾಳಿ ನಿಲ್ಲುವ ಉಕ್ಕಿನ ಗಾಲಿಯನ್ನು ಸ್ಟೆಪ್ನಿಯಾಗಿ, ನಿಧಾನವಾಗಿ ಗ್ಯಾರೇಜಿಗೆ ಮುಟ್ಟುವಷ್ಟಕ್ಕೆ ಬಳಸಿದರೆ ಸರಿ. ಬಿರುಕಿನ ಗಾಲಿಯನ್ನು ಸ್ಟೆಪ್ನಿಯ ಜಾಗದಲ್ಲಿಯೂ ಇಡಬೇಡಿ. ಇದ್ದರೆ ಒಂದಲ್ಲ ಒಂದು ದಿನ ಹಾಕಿಯೇ ಹಾಕುತ್ತೀರಿ.

ನನ್ನ ಸೂಚನೆ ಇಷ್ಟು. ಗಾಲಿ ಡೊಂಕಾದ ಕೂಡಲೇ ಹೊಂಡದ, ಗಾಲಿಯ ಚಿತ್ರ ಫೋನಿನಲ್ಲಿ ತೆಗೆದು, ಸ್ಥಳ, ದಿನ, ಹೊತ್ತು ಬರೆದಿಡಿ. ಗ್ಯಾರೇಜಿನಿಂದ ಡೊಂಕು ಎಷ್ಟು, ಬಿರುಕು ಉಂಟೇ ಇಲ್ಲವೇ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಯನ್ನು ಧಣಿಗೆ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. “ಹೀಗೇ ಓಡಿಸು” ಎಂದರೆ ಅದನ್ನೂ ಬರೆದು ಕೊಡಿ ಎಂದು ವಿನಯದಿಂದ ಕೇಳಿ. ಬರೆದು ಕೊಡುವ ಧಣಿ ಅಪರೂಪ. ಬರೆಯಲು ಹೆದರಿದವನು ಗಾಲಿ ಬದಲಿಸಲು ಒಪ್ಪುತ್ತಾನೆ. ಸಂಬಳದಲ್ಲಿ ಮುರಿದರೆ ಒಬ್ಬನೇ ಜಗಳಕ್ಕೆ ಹೋಗಬೇಡಿ, ಚೀಟಿ ಹಿಡಿದು ಸಂಘಕ್ಕೆ ಬನ್ನಿ. ಸ್ವಂತ ಗಾಡಿಯವರು ಹತ್ತು ಜನ ಸೇರಿ ತಿಂಗಳಿಗೆ ತಲಾ ನೂರು ರೂಪಾಯಿ ಒಟ್ಟುಮಾಡಿದರೆ ವರ್ಷಕ್ಕೆ 12 ಸಾವಿರ ಆಗುತ್ತದೆ. ಗಾಲಿ ಹೋದವನಿಗೆ ಅಂದೇ ಕೈಗಡ ಸಿಗುತ್ತದೆ, ಬಿರುಕಿನ ಗಾಲಿಯಲ್ಲಿ ಓಡುವ ಗತಿ ಬರುವುದಿಲ್ಲ.

ರಿಪೇರಿಯಾಗುವ ಗಾಲಿಯನ್ನು ಬಿಸಾಡುವುದು ದುಂದು. ಬದಲಿಸಬೇಕಾದ ಗಾಲಿಯನ್ನು ಬಡಿದು ಓಡಿಸುವುದು ಪ್ರಾಣದ ಜೂಜು. ಆ ಜೂಜಿನಲ್ಲಿ ಧಣಿ ಇಡುವುದು ರಿಮ್ಮಿನ ಬೆಲೆ, ಡ್ರೈವರ್ ಇಡುವುದು ತನ್ನ ಮತ್ತು ಹಿಂದೆ ಕೂತವರ ಜೀವ. ಇಡುವ ಪಣ ಸಮವಲ್ಲದಿರುವಾಗ ತೀರ್ಮಾನವನ್ನು ಧಣಿಯ ಕೈಗೆ ಪೂರ್ತಿ ಬಿಟ್ಟುಕೊಡಬಾರದು.