ಇದು ಅಡ್ಡದಾರಿಯಲ್ಲ
ತೂಕ ಇಳಿಸುವ ಶಸ್ತ್ರಚಿಕಿತ್ಸೆ ಬಾಯಿಚಪಲ ಬಿಡಲಾಗದವರ ಅಡ್ಡದಾರಿ ಎಂದು ಬರೆದ ಲೇಖಕರು ಒಮ್ಮೆ ನಮ್ಮಕ್ಕನ ಎದುರು ಊಟಕ್ಕೆ ಕೂತು ನೋಡಲಿ. ಅವಳು ಮಾಡಿಸಿಕೊಂಡ ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಪಾಲಿನಷ್ಟು ಕತ್ತರಿಸಿ ತೆಗೆಯುತ್ತಾರೆ. ಮುದ್ದೆ ನುಂಗಿ ಬೆಳೆದ ಮಂಡ್ಯದ ಹೆಂಗಸು ಈಗ ಅರ್ಧ ಇಡ್ಲಿಯನ್ನು 20 ನಿಮಿಷ ಅಗಿಯುತ್ತಾಳೆ. ಒಂದು ತುತ್ತು ಹೆಚ್ಚಾದರೂ ಎದೆ ಬಿಗಿದು ಬಚ್ಚಲಿಗೆ ಓಡುತ್ತಾಳೆ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಕಾಯಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕಾದ್ದರಿಂದ ಮೊದಲು ಮೊಟ್ಟೆ, ಬೇಳೆ. ಜಾಗ ಉಳಿದರಷ್ಟೇ ಅನ್ನ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪೂರ್ತಿ. ಮದುವೆಮನೆಯಲ್ಲಿ "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳೇ" ಎಂದು ಒತ್ತಾಯಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾಳೆ. ಇದು ಸೋಮಾರಿತನವೇ? ಆ ಲೇಖನ ಓದಿದ ದಿನ ಅವಳು ರಾತ್ರಿ ಊಟವನ್ನೇ ಮಾಡಲಿಲ್ಲ.