ಪುಟ್ಟ ಹೃದಯಕ್ಕೆ ಯಂತ್ರದ ಆಸರೆ



ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಹಠಾತ್ತನೆ ಹಾಲು ಬಿಟ್ಟು, ಬೆವರಿ, ಬಿಳಿಚಿಕೊಂಡರೆ ದೃಷ್ಟಿ ತಾಗಿದೆಯೆಂದು ಸುಮ್ಮನಿರಬೇಡಿ. ಎದೆಯ ಮೇಲೆ ಕೈಯಿಟ್ಟು ನೋಡಿ. ಎಣಿಸಲಾಗದಷ್ಟು ವೇಗವಾಗಿ ಬಡಿಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹಸುಗೂಸುಗಳಲ್ಲಿ ಈ ಕಾಯಿಲೆ ಬಂದಾಗ ಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 220 ದಾಟುತ್ತದೆ.

ಹೃದಯವನ್ನು ಬಡಿಸುವುದು ಅದರೊಳಗೇ ಹುಟ್ಟುವ ವಿದ್ಯುತ್ ಸಂಕೇತ. ಅದು ಅಡ್ಡದಾರಿ ಹಿಡಿದರೆ ಬಡಿತದ ಲಯ ತಪ್ಪುತ್ತದೆ. ಹೆಚ್ಚಿನ ಮಕ್ಕಳಿಗೆ ಔಷಧಿ ಸಾಕಾಗುತ್ತದೆ. ಸಾಲದಿದ್ದರೆ ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಹೃದಯಕ್ಕೆ ಸಾಗಿಸಿ, ತೊಂದರೆಯ ಜಾಗವನ್ನು ಹುಡುಕಿ, ಶಾಖದಿಂದ ಅಥವಾ ಅತಿಶೀತದಿಂದ ಅದನ್ನು ನಿಷ್ಕ್ರಿಯಗೊಳಿಸುತ್ತಾರೆ. ಇದೇ ಅಬ್ಲೇಶನ್.

ತೊಡಕಿರುವುದು ಇಲ್ಲಿ. ಆ ಜಾಗ ಸಿಗಬೇಕಾದರೆ ಸಾಮಾನ್ಯವಾಗಿ ತಪ್ಪು ಬಡಿತ ನಡೆಯುತ್ತಲೇ ಇರಬೇಕು. ಮೊದಲೇ ದಣಿದ ಹೃದಯವಾದರೆ ಅಷ್ಟರಲ್ಲಿ ರಕ್ತದೊತ್ತಡ ಕುಸಿದೀತು. ಅಂತಹ ಕೆಲವೇ ಮಕ್ಕಳಿಗೆ ವೈದ್ಯರು ಎಕ್ಮೋ ಯಂತ್ರ ಜೋಡಿಸುತ್ತಾರೆ. ಅದು ರಕ್ತವನ್ನು ಹೊರಕ್ಕೆಳೆದು, ಆಮ್ಲಜನಕ ಬೆರೆಸಿ, ದೇಹಕ್ಕೆ ಮರಳಿಸುತ್ತದೆ. ದೊಡ್ಡ ಮಕ್ಕಳಿಗಾದರೆ ರಕ್ತನಾಳದ ಮೂಲಕ ಹೃದಯದೊಳಗೆ ಇಳಿಸುವ ಇಂಪೆಲ್ಲಾ ಎಂಬ ಪುಟ್ಟ ಪಂಪ್ ಬಳಸುವುದೂ ಉಂಟು. ಎಳೆಯ ಮಕ್ಕಳ ರಕ್ತನಾಳ ಅದಕ್ಕೆ ಕಿರಿದು.

1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾ. ರಾಬರ್ಟ್ ಬಾರ್ಟ್ಲೆಟ್ ಅವರು ಶ್ವಾಸಕೋಶ ಕೈಕೊಟ್ಟ ನವಜಾತ ಹೆಣ್ಣುಮಗುವನ್ನು ಎಕ್ಮೋದಿಂದ ಉಳಿಸಿದರು. ದಾದಿಯರು ಆಕೆಗಿಟ್ಟ ಹೆಸರು ಎಸ್ಪೆರಾಂಝಾ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಭರವಸೆ.

ಯಂತ್ರವೆಂದರೆ ಕೊನೆಯ ಘಳಿಗೆ ಎಂದು ಎದೆಗುಂದುವ ತಾಯಂದಿರೇ, ಗಮನಿಸಿ. ಯಂತ್ರ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಗುಣಪಡಿಸುವವರಿಗೆ ಸಮಯ ಒದಗಿಸುತ್ತದೆ. ಬಿಡುವಿಲ್ಲದ ಓಟದಿಂದಲೇ ಸೋತ ಹೃದಯವಾದರೆ, ಲಯ ಸರಿಯಾದ ಬಳಿಕ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುವುದು ಸಾಮಾನ್ಯ.

ಹಾಗೆಂದು ಅಪಾಯವಿಲ್ಲವೆಂದಲ್ಲ. ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು, ಪಾರ್ಶ್ವವಾಯು, ಕೊಳವೆ ಹಾಕಿದ ಕಾಲಿಗೆ ರಕ್ತ ಸಾಲದಿರುವುದು ಇವೆಲ್ಲ ಆಗಬಹುದು. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿರಿ: ನಮ್ಮ ಮಗುವಿಗೆ ಯಂತ್ರ ಯಾಕೆ ಬೇಕು? ಮೊದಲೇ ಜೋಡಿಸುತ್ತೀರೋ, ಸಿದ್ಧವಾಗಿಟ್ಟುಕೊಳ್ಳುತ್ತೀರೋ? ಯಾವಾಗ ತೆಗೆಯುತ್ತೀರಿ? ಮಕ್ಕಳಲ್ಲಿ ಇದನ್ನು ಮಾಡಿದ ಅನುಭವ ಇಲ್ಲಿದೆಯೇ? ಖರ್ಚೆಷ್ಟು?

ಗಂಡಸರು ಕೇಳಿಕೊಂಡು ಬರಲಿ ಎಂದು ಹೊರಗೆ ಕೂರಬೇಡಿ. ಮಗು ಎಂದಿನಿಂದ ಹಾಲು ಬಿಟ್ಟಿತು, ಎಷ್ಟು ಸಲ ಮಂಕಾಯಿತು ಎಂದು ವೈದ್ಯರಿಗೆ ಹೇಳಬಲ್ಲವರು ನೀವೇ.