ಪಂಪು ಹೊಸದು, ನೀರು ಮಾತ್ರ ಬೋರ್‌ವೆಲ್ಲಿನದೇ

ಹಳೆಯ ಬೊಲೆರೊ ಪಿಕಪ್ಪನ್ನೋ ಟಾಟಾ 207 ಅನ್ನೋ ನಂಬಿ ಬಾಡಿಗೆ ಹೊಡೆಯುವವರಿಗೆ ‘ವಾಟರ್ ಪಂಪ್ ಹೋಗಿದೆ’ ಎಂಬ ಮಾತು ಹೊಸದಲ್ಲ. ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲೋ ಕೆಂಗೇರಿಯಲ್ಲೋ ಗ್ಯಾರೇಜಿಗೆ ಬಿಟ್ಟು ಹೊಸ ಪಂಪು ಹಾಕಿಸುತ್ತಾರೆ. ವರ್ಷ ತಿರುಗುವುದರೊಳಗೆ ಅದೂ ಸೋರಿದರೆ ಬೈಗುಳ ಪಂಪಿನ ಕಂಪನಿಗೆ. ನನಗೆ ಮೊದಲ ಅನುಮಾನ ರೇಡಿಯೇಟರಿಗೆ ಸುರಿದ ನೀರಿನ ಮೇಲೆ.

ಪಂಪಿನ ಪುಲ್ಲಿಯನ್ನು ಬೆಲ್ಟು ತಿರುಗಿಸುತ್ತದೆ. ಶಾಫ್ಟಿನ ಒಳತುದಿಯ ರೆಕ್ಕೆಚಕ್ರ ತಣಿದ ನೀರನ್ನು ರೇಡಿಯೇಟರಿನಿಂದ ಎಳೆದು ಎಂಜಿನ್ನಿನೊಳಗೆ ಓಡಿಸುತ್ತದೆ. ಇವೆರಡರ ನಡುವೆ ಬೇರಿಂಗು, ಅದಕ್ಕೆ ನೀರು ತಾಗದಂತೆ ಒಂದು ಸೀಲು. ಸೀಲಿನಲ್ಲಿ ಎರಡು ನುಣುಪು ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅವುಗಳಲ್ಲಿ ಒಂದು ಶಾಫ್ಟಿನೊಡನೆ ತಿರುಗುತ್ತದೆ. ನಡುವಿನ ತೆಳ್ಳನೆಯ ದ್ರವದ ಪೊರೆಯೇ ಅವಕ್ಕೆ ಎಣ್ಣೆ. ಬೋರ್‌ವೆಲ್ಲಿನ ಗಡಸು ನೀರು ನಿಮ್ಮ ಮನೆಯ ಗೀಸರ್ ಕಾಯಿಲಿಗೆ ಏನು ಮಾಡುತ್ತದೋ ಇಲ್ಲೂ ಅದನ್ನೇ ಮಾಡುತ್ತದೆ. ಬಿಸಿಗೆ ಬಿಳಿ ಉಪ್ಪು ಕಟ್ಟಿ, ಅದರ ಕಣಗಳು ಸೀಲಿನ ಮುಖವನ್ನು ಗೀರುತ್ತವೆ. ಜೊತೆಗೆ ತುಕ್ಕು.

ಸೀಲು ಸವೆದಾಗ ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತದೆ. ಆ ತೂತನ್ನು ಎಂ-ಸೀಲ್ ಮೆತ್ತಿ ಮುಚ್ಚುವುದು ಶುದ್ಧ ಅವಿವೇಕ. ಸೋರಿದ ನೀರು ಬೇರಿಂಗಿಗೆ ನುಗ್ಗದೆ ಹೊರಹೋಗಲೆಂದೇ ಅದನ್ನು ಇಟ್ಟಿರುವುದು. ಹಳೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಫ್ಯಾನು ಇದೇ ಶಾಫ್ಟಿಗೆ ಕೂತಿರುತ್ತದೆ. ಎಂಜಿನ್ ಆರಿಸಿ, ತಣಿದ ಮೇಲೆ ಫ್ಯಾನ್ ಹಿಡಿದು ಅಲುಗಾಡಿಸಿ. ಬುಡದಲ್ಲಿ ಆಟ ಕಂಡರೆ ಬೇರಿಂಗು ಮುಗಿದಿದೆ. ಹಾಗೆಯೇ ಓಡಿಸಿದರೆ ಒಂದು ದಿನ ಫ್ಯಾನು ರೇಡಿಯೇಟರನ್ನೇ ಸೀಳೀತು.

ಸೋರಿಕೆಯೂ ಇಲ್ಲ, ಆಟವೂ ಇಲ್ಲ, ಆದರೂ ಗಾಡಿ ಹೀಟ್ ಆಗುತ್ತಿದೆಯೇ? ಪಂಪು ಬಿಚ್ಚಿಸುವ ಮೊದಲು ರೇಡಿಯೇಟರ್ ಮುಚ್ಚಳ ನೋಡಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒತ್ತಡ ಹಿಡಿದಿಟ್ಟರೆ ಆ ಮಿತಿ 110 ಡಿಗ್ರಿಯನ್ನೂ ದಾಟುತ್ತದೆ. ಸ್ಪ್ರಿಂಗು ಸಡಿಲವಾದ ಮುಚ್ಚಳದಿಂದ, ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಗಾಡಿ ಕುದ್ದದ್ದಕ್ಕೆ ಪಾಪದ ಪಂಪು ಹೊಣೆ ಹೊರುತ್ತದೆ.

ಪಂಪೇ ಹೋಗಿದ್ದರೆ ಹಳೆಯ ಪಂಪಿನ ಬಾಡಿಗೇ ಹೊಸ ಸೀಲು-ಬೇರಿಂಗಿನ ಕಿಟ್ ಹಾಕುವುದೂ ಉಂಟು. ರೆಕ್ಕೆಚಕ್ರವನ್ನು ತುಕ್ಕು ತಿಂದಿದ್ದರೆ ಆ ಉಳಿತಾಯ ಬೇಡ. ಬ್ಲಾಕಿಗೆ ಅಂಟಿದ ಹಳೆಯ ಗ್ಯಾಸ್ಕೆಟ್ಟನ್ನು ಪೂರ್ತಿ ಕೆರೆದು ತೆಗೆಯಬೇಕು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅವಸರದ ಕೆಲಸ ಕೆಡುವುದು ಇಲ್ಲೇ. ‘ಥರ್ಮೋಸ್ಟಾಟ್ ವಾಲ್ವ್ ಬೇಡ, ತೆಗೆದುಬಿಡೋಣ’ ಎಂದರೆ ಒಪ್ಪಬೇಡಿ. ಎಂಜಿನ್ನು ಬೇಗ ಬಿಸಿಯೇರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ತುಂಬುವಾಗ ರೆಡಿಮಿಕ್ಸ್ ಕೂಲೆಂಟನ್ನು ಹಾಗೆಯೇ ಹಾಕಿ. ಗಟ್ಟಿ ಕೂಲೆಂಟಾದರೆ ಡಬ್ಬದ ಮೇಲೆ ಬರೆದಷ್ಟು ಡಿಸ್ಟಿಲ್ಡ್ ನೀರು ಬೆರೆಸಿ. ಗ್ಯಾರೇಜಿನ ನಲ್ಲಿ ನೀರು ಬೇಡವೇ ಬೇಡ. ಹಳೆಯ ಕೂಲೆಂಟನ್ನು ರಸ್ತೆ ಮೋರಿಗೆ ಚೆಲ್ಲಲು ಬಿಡಬೇಡಿ. ಅದರ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನೆಕ್ಕಿದ ಬೀದಿನಾಯಿ ಸಾಯಬಹುದು. ಈ ಭಾಗದ ಮೋರಿಗಳು ಸೇರುವುದೋ, ಈಗಾಗಲೇ ಜನರ ಬಾಯಲ್ಲಿ ‘ಕೆಂಗೇರಿ ಮೋರಿ’ಯಾಗಿರುವ ವೃಷಭಾವತಿ ನದಿಯನ್ನು.

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದಷ್ಟು ಮಟ್ಟ ಇಳಿದಿರುತ್ತದೆ, ಅಷ್ಟನ್ನು ತುಂಬಿ. ಬೆಲ್ಟನ್ನೂ ಒತ್ತಿ ನೋಡಿ, ತೀರಾ ಬಿಗಿದಿದ್ದರೆ ಹೊಸ ಬೇರಿಂಗೂ ಬಹಳ ದಿನ ಬಾರದು.